ಹಂಡೆಯ ಮೇಲಿನ ಹಲಗೆ

ಹಲಗೆ ಹೊಡೆದದ್ದು ನಾನೇ.
ಎರಡು ಮೊಳೆ, ಹಳೇ ಬೆಂಚಿನ ಒಂದು ತುಂಡು,
ಬಚ್ಚಲ ಹಂಡೆಯಿಂದ ಮೂರು ಗೇಣು ಮೇಲೆ.
ಮಗುವಿನ ಕೈಗೆ ಎಟುಕಬಾರದಲ್ಲ, ಅದಕ್ಕೆ.

ಡೇಲಿಯಾ ಹುಚ್ಚು ನನಗೆ.
ಸಾಗರದ ಪೇಟೆಯಿಂದ ಬರುವಾಗ ಬೇರೆಯವರ ಚೀಲದಲ್ಲಿ
ಬಟ್ಟೆಯೋ ಬಳೆಯೋ, ನನ್ನದರಲ್ಲಿ ಗಡ್ಡೆ.
ಗಡ್ಡೆಯ ಹಿಂದೆಯೇ ಅದರ ಶತ್ರುಗಳು,
ಶತ್ರುಗಳ ಹಿಂದೆ ಈ ಬಾಟಲಿಗಳು:
ಎಲೆಮುರುಟಿಗೆ ಒಂದು, ಹಿಟ್ಟುತಿಗಣೆಗೆ ಒಂದು,
ಬಸವನಹುಳಕ್ಕೆ ಹಸಿರು ಕಾಳು,
ಹಾರ್ಲಿಕ್ಸ್ ಬಾಟಲಿಯಲ್ಲಿ ಮೈಲುತುತ್ತ,
ನೀಲಿ ಕಲ್ಲುಸಕ್ಕರೆ ಹಾಗೆ.
ಮತ್ತೊಂದು, ಕ್ವಾರ್ಟರ್ ಬಾಟಲಿ.
"ನಿಮ್ಮ ಹತ್ತು ಕುಂಡಕ್ಕೆ ಇಡೀ ಕ್ಯಾನ್ ಯಾಕಕ್ಕ?" ಅಂತ
ಅಂಗಡಿಯವನು ಬಗ್ಗಿಸಿ ಕೊಟ್ಟದ್ದು.
ಚೀಟಿಯಿಲ್ಲ. ಯಾವ ಹುಳಕ್ಕೆ ತಂದೆನೋ,
ಈಗ ಅದಕ್ಕೂ ನೆನಪಿರಲಿಕ್ಕಿಲ್ಲ.

ಸ್ನಾನ ಮಾಡಿ ಬಂದರೆ ತಲೆನೋವು.
ಚಾಳೀಸು ಬಂತು ಅಂದರು, ಕನ್ನಡಕ ಬಂತು,
ಕನ್ನಡಕದ ಹಿಂದೆಯೂ ಅದೇ ನೋವು.
ಇಂಚರ ಸ್ನಾನ ಮುಗಿಸಿ ಬಾಯಿತುಂಬ ಜೊಲ್ಲು,
ಕಣ್ಣಲ್ಲಿ ನೀರು, ಶಾಲೆಗೆ ಹೋಗದೆ ಮಲಗುವಳು.
ಕಳ್ಳಿ ಅಂದೆ. ಒಂದು ಸಲ ಹೊಡೆದೂ ಬಿಟ್ಟೆ.

ಅತ್ತೆ ಉಪ್ಪು ಮೆಣಸು ಇಳಿ ತೆಗೆದು
ಅದೇ ಬಚ್ಚಲ ಒಲೆಗೆ ಹಾಕಿದರು.
ಘಾಟು ಬರಲಿಲ್ಲ. "ದೃಷ್ಟಿಯೇ, ನೋಡು" ಅಂದರು.
ಒಲೆ ಇನ್ನಷ್ಟು ಉರಿಯಿತು,
ನೀರು ಮರಳಿತು,
ಹಲಗೆ ಬೆಚ್ಚಗಾಯಿತು.

ಫೆಬ್ರವರಿಯಲ್ಲಿ ಆಶಾ ಗುತ್ಯಮ್ಮ ಬಂದಳು,
ಬಗಲಲ್ಲಿ ಉಣ್ಣೆಗೆ ಹಚ್ಚುವ ಎಣ್ಣೆಯ ಚೀಲ.
ಮಂಗ ಸತ್ತದ್ದು ಕಂಡರೆ ಹೇಳಿ,
ದರಗು ತರಲು ಹೋಗುವಾಗ ಕೈಕಾಲಿಗೆ ಸವರಿ,
ಬಂದ ಮೇಲೆ ಬಿಸಿನೀರು, ಸೋಪು...
ಹೇಳುತ್ತಲೇ ಕಾಲು ತೊಳೆಯಲು ಬಚ್ಚಲಿಗೆ ಹೋದವಳು
ಅಲ್ಲೇ ನಿಂತಳು.
"ಎಂತದಕ್ಕ ಇದು, ಬಚ್ಚಲಲ್ಲಿ
ಕೆಟ್ಟ ಬೆಳ್ಳುಳ್ಳಿ ಒಗ್ಗರಣೆ?"

ನಮಗೆ ಯಾವ ವಾಸನೆಯೂ ಇರಲಿಲ್ಲ.
ಮೂಗು ಒಳ್ಳೆಯ ಸೊಸೆ,
ನಾಲ್ಕು ದಿನ ಮುಖ ಸಿಂಡರಿಸಿ
ಐದನೆಯ ದಿನ ಹೊಂದಿಕೊಳ್ಳುತ್ತದೆ.

ಸ್ಟೂಲು ಹತ್ತಿ ನೋಡಿದಳು. ಮುಟ್ಟಲಿಲ್ಲ.
ಕ್ವಾರ್ಟರ್ ಬಾಟಲಿಯ ಮುಚ್ಚಳ ಉಬ್ಬಿತ್ತು,
ಅದರಡಿಯಿಂದ ಹಲಗೆಯ ಮೇಲೆ
ಜೋನಿಬೆಲ್ಲದ ಹಾಗೆ ಒಂದು ಗೆರೆ.
ಗೆರೆ ಇಳಿದು, ಗೋಡೆ ಹಿಡಿದು,
ಇಂಚರಳ ತಂಬಿಗೆಗೆ ಒಂದು ಗೇಣು ಇರುವಾಗ ಒಣಗಿತ್ತು.
ಅಲ್ಲೇ ಒಣಗಿತ್ತು.
ಈಗಲೂ ರಾತ್ರಿ ಎದ್ದು ಹೇಳಿಕೊಳ್ಳುತ್ತೇನೆ, ಅಲ್ಲೇ.

"ಉಣ್ಣೆ ಕಾಡಲ್ಲಿರ್ತದೆ ಅಂತ
ಮನೆಮನೆ ಸುತ್ತಿ ಹೇಳ್ತೀನಿ ನಾನು.
ಇದಕ್ಕೆ ನೀವೇ ಮೊಳೆ ಹೊಡೆದು
ಮಣೆ ಹಾಕಿ ಕೂರ್ಸೀರಲ್ಲ."
ಬೈದದ್ದಲ್ಲ. ಸುಮ್ಮನೆ ಹೇಳಿ
ಮಗುವನ್ನು ಎತ್ತಿಕೊಂಡು
ಆಸ್ಪತ್ರೆಗೆ ನಡೆಯಿರಿ ಅಂದಳು.

ಡಾಕ್ಟರು ಕೇಳಿದ್ದು ಒಂದೇ: "ಯಾವ ಔಷಧಿ?"
ಔಷಧಿ.
ನಾವು ಹಾಗೇ ಕರೆಯುವುದು ಅದನ್ನು.
ಹೆಸರು ಗೊತ್ತಿಲ್ಲ ಅಂದಾಗ ಅವರ ಪೆನ್ನು
ಕಾಗದದ ಮೇಲೆ ಸುಮ್ಮನೆ ನಿಂತಿತು.

ಸುರಿಯೋಣವೆಂದರೆ ಬಾವಿ ಹನ್ನೆರಡು ಹೆಜ್ಜೆ.
ಸುಡೋಣವೆಂದರೆ ಹೊಗೆ ನಮ್ಮದೇ ಕಿಟಕಿಗೆ.
ಕಸದ ಗಾಡಿಯ ಹುಡುಗ ಕೈ ಹಿಂದೆ ಕಟ್ಟಿಕೊಂಡ.
ಕೃಷಿ ಕಚೇರಿಯಲ್ಲಿ ನಾಳೆ ಬನ್ನಿ ಅಂದರು,
ನಾಳೆ ಹೋದರೆ ಕಂಪನಿಗೆ ಕೇಳಿ ಅಂದರು.
ಯಾವ ಕಂಪನಿ?
ಈಗ ಅವೆಲ್ಲ ಸೌದೆ ಕೊಟ್ಟಿಗೆಯ ಆಚೆ,
ತಗಡಿನ ಪೆಟ್ಟಿಗೆಯಲ್ಲಿ, ಮರಳಿನ ನಡುವೆ ನೆಟ್ಟಗೆ.
ಬೀಗದ ಕೈ ನನ್ನ ಕರಿಮಣಿಯ ಜೊತೆ
ಎದೆಗೆ ತಣ್ಣಗೆ ತಾಗುತ್ತದೆ.

ಹನ್ನೊಂದು ದಿನಕ್ಕೆ ತಲೆನೋವು ಬಿಟ್ಟಿತು.
ಇಂಚರ ಮತ್ತೆ ಬಚ್ಚಲಲ್ಲಿ ಮಗ್ಗಿ ಕೂಗುತ್ತಾಳೆ,
ಏಳರದ್ದು ತಪ್ಪುತ್ತಾಳೆ.
ಹೊಡೆದದ್ದು ಅವಳಿಗೆ ನೆನಪಿಲ್ಲವಂತೆ.

ಈ ಸಲದ ಡೇಲಿಯಾ ಎಲೆಯೆಲ್ಲ ತೂತು.
ಹಲಗೆ ಕಿತ್ತೆ. ಮೊಳೆ ಎರಡೂ ಬರಲಿಲ್ಲ.
ಒಂದಕ್ಕೆ ಅವಳ ಟವಲು.
ಇನ್ನೊಂದಕ್ಕೆ ಏನನ್ನೂ ಹಾಕುವುದಿಲ್ಲ.